ಮದುಮಗಳ ಹೆಸರಿಲ್ಲದ ಕಾರ್ಡು

ಶಹಾಬಾದಿನ ಸ್ಟೇಷನ್ ರಸ್ತೆಯ ಪ್ರಿಂಟಿಂಗ್ ಅಂಗಡಿಯೊಂದರಲ್ಲಿ ಮುಜೀಬ ಡಿಟಿಪಿ ಆಪರೇಟರ್. ಊರ ಮಂದಿಯ ಮದುವೆ, ತೊಟ್ಟಿಲು, ಮನೆಶಾಂತಿ, ಪುಢಾರಿಗಳ ಹುಟ್ಟುಹಬ್ಬ, ಕಡೆಗೆ ಶ್ರದ್ಧಾಂಜಲಿ, ಎಲ್ಲವೂ ಅವನ ಬೆರಳ ಕೆಳಗಿನಿಂದಲೇ ಹಾದುಹೋಗಬೇಕು. ಆರು ವರ್ಷದಲ್ಲಿ ಅವನು ಮಾಡಿಸಿದಷ್ಟು ಮದುವೆಗಳನ್ನು ಯಾವ ಖಾಜಿಯೂ ಮಾಡಿಸಿರಲಿಕ್ಕಿಲ್ಲ. ತನ್ನದೊಂದು ಮಾತ್ರ ಹೆಸರಿಡದ ಫೈಲಾಗಿ ಕಂಪ್ಯೂಟರಿನ ಯಾವುದೋ ಮೂಲೆಯಲ್ಲಿ ಬಿದ್ದಿದೆ ಎಂದು ಅವನೇ ಹೇಳಿಕೊಂಡು ನಗುತ್ತಾನೆ. ಬೇರೆಯವರು ನಗುವ ಮೊದಲು ತಾನೇ ನಕ್ಕುಬಿಟ್ಟರೆ ಅರ್ಧ ಪೆಟ್ಟು ತಪ್ಪುತ್ತದೆ ಎಂಬುದು ಅವನ ಅನುಭವ.

ಮನೆ ಪಕ್ಕದ ಭಂಕೂರದಲ್ಲಿ. ತಂದೆ ಲಾಡ್ಲೇಸಾಬ, ತಾಯಿ ರಹೀಮಾ. ಪಿಂಜಾರರು. ಹತ್ತಿ ಹಿಂಜಿ ಗಾದಿ ತುಂಬುವುದು ಮನೆತನದ ಕಸುಬು, ಮನೆಯ ಮಾತು ಕನ್ನಡ. ಮುಜೀಬನ ಉರ್ದು ಚಹಾ ಕೇಳುವುದಕ್ಕೆ ಸಾಕು, ಹೆಣ್ಣು ಕೇಳುವುದಕ್ಕೆ ಸಾಲದು. ಮಸೀದಿಯಲ್ಲಿ ಅವನು ಎಲ್ಲರ ಜೊತೆ ಹೆಗಲಿಗೆ ಹೆಗಲು ಹಚ್ಚಿ ಒಂದೇ ಸಾಲಿನಲ್ಲಿ ನಿಲ್ಲುತ್ತಾನೆ. ಸಾಲು ಮುರಿಯುವುದು ಹೊರಗೆ ಬಂದು ಚಪ್ಪಲಿ ಹಾಕಿಕೊಂಡ ಮೇಲೆ. "ನಮ್ಮೊಳಗ ಜಾತಿಗೀತಿ ಏನೂ ಇಲ್ಲ ನೋಡ್ರಿ" ಎಂದು ಹೇಳುವ ಹಿರಿಯರೇ ಮರುಗಳಿಗೆ "ಏ ಪಿಂಜಾರ ಮುಜೀಬ" ಎಂದು ಕರೆಯುತ್ತಾರೆ. ಅವನೂ ಓಗೊಡುತ್ತಾನೆ.

ಕಮರುನ್ನೀಸಾ ಅವನ ಬದುಕಿಗೆ ಬಂದದ್ದು ಐದನೇ ಇಯತ್ತೆಯ ಕನ್ನಡ ಪ್ರಶ್ನೆಪತ್ರಿಕೆಯಾಗಿ. ಖಾಸಗಿ ಶಾಲೆಯೊಂದರಲ್ಲಿ ಅವಳು ಟೀಚರು. ಮೇಲು ಮನೆತನವೆನಿಸಿಕೊಂಡ ಸೈಯದರ ಮನೆಯ ಹುಡುಗಿ, ಮನೆಯಲ್ಲಿ ಉರ್ದು, ಆದರೆ ಓದಿದ್ದು ಕನ್ನಡ, ಕಲಿಸುವುದೂ ಕನ್ನಡ. ಪರೀಕ್ಷೆ ಬಂತೆಂದರೆ ಬರೆದ ಹಾಳೆ ತರುವಳು. ಮುಜೀಬ ಟೈಪು ಮಾಡಿ ಪ್ರೂಫ್ ತೆಗೆದುಕೊಡುವನು. ಅವಳು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕುಳಿತು ಕೆಂಪು ಪೆನ್ನಿನಿಂದ ತಿದ್ದುವಳು. ಅಂಗಡಿಯ ಕಾಯ್ದೆ ಒಂದಿತ್ತು: ಪ್ರೂಫ್ ನೋಡಿದವರು ಕೆಳಗೆ "ಸರಿ ಅದ" ಎಂದು ಬರೆದು ಹೆಸರು, ತಾರೀಖು ಹಾಕಬೇಕು. ನಾಳೆ ತಪ್ಪು ಬಂದರೆ ಅಂಗಡಿಯ ಮೇಲೆ ಬರಬಾರದು. ಕಮರುನ್ನೀಸಾ ಅದನ್ನು ಎಂದೂ ಮರೆತವಳಲ್ಲ.

ಆರನೆಯ ಸಲವೋ ಏಳನೆಯ ಸಲವೋ ಅವಳು ಪೆನ್ನು ಮುಚ್ಚಿ ಕೇಳಿದಳು: "ನಿಮ್ಮ ಪೇಪರಿನಾಗ ಪ್ರತಿ ಸಲ ಮೂರೇ ತಪ್ಪು. ಒಮ್ಮೆ ಎರಡಿಲ್ಲ, ಒಮ್ಮೆ ನಾಕಿಲ್ಲ. ಇದೇನು ರೇಷನ್ನೇನ್ರಿ?"

"ಕಂಪ್ಯೂಟರ್ ಹಳೇದದ್ರಿ ಟೀಚರ್."

"ಕಂಪ್ಯೂಟರ್ ಹಳೇದೇ. ತಪ್ಪು ಮಾಡಾಂವ ಹೊಸಬ ಕಾಣಸ್ತಾನ."

ಒಳಗಿನಿಂದ ಮಾಲೀಕ ಸೂರ್ಯಕಾಂತಣ್ಣ ಕೂಗಿದ: "ಟೀಚರ್, ತಪ್ಪಿಲ್ಲದಂಗ ಮಾಡಿದ್ರ ನೀವು ಕುಂದ್ರಂಗಿಲ್ಲ ಅಂತ ಅವನ ಅಂಜಿಕಿ. ನನ್ನ ಕರೆಂಟು ಸುಡಾಕತ್ತೀರಿ ಇಬ್ರೂ ಕೂಡಿ!"

ಅವಳು ನಕ್ಕಳು. ಮುಜೀಬನ ಕಿವಿ ಕೆಂಪಾದವು. ಹಾಗೆ ಎರಡು ವರ್ಷ.

ಎರಡು ವರ್ಷದಲ್ಲಿ ಅವಳು ಕೇಳಿದ್ದು ಒಂದೇ ಮಾತು: "ಅಬ್ಬಾನ ಮುಂದ ಬಂದು ಕೇಳು." ಅವಳ ಅಬ್ಬಾ, ಸೈಯದ್ ಅಮೀರ್ ಅಲಿ ಸಾಹೇಬರು, ವಾಡಿಯ ಸಿಮೆಂಟ್ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮುಜೀಬ ಪ್ರತಿಸಲವೂ "ಬರೋ ಶುಕ್ರವಾರ" ಎನ್ನುತ್ತಿದ್ದ. ಒಂದು ಶುಕ್ರವಾರ ಅಪ್ಪನಿಗೆ ಜ್ವರ, ಒಂದು ಶುಕ್ರವಾರ ಇಸ್ತ್ರಿ ಮಾಡಿದ ಅಂಗಿ ಇಲ್ಲ, ಒಂದು ಶುಕ್ರವಾರ ಸಾಹೇಬರ ಮೋರೆ ಯಾಕೋ ಸಿಟ್ಟಿನಲ್ಲಿದ್ದಂತಿತ್ತು. ಒಂದು ಸಲವಂತೂ ಅವರ ಮನೆಯ ಬಾಗಿಲ ತನಕ ಹೋಗಿ, ಪಕ್ಕದ ಮನೆಯವರಿಗೆ ಒಂದು ಕ್ಯಾಲೆಂಡರ್ ಕೊಟ್ಟು ಬಂದಿದ್ದ.

ಆಮೇಲೊಂದು ದಿನ ಅವಳ ಫೋನ್ ಬರುವುದು ನಿಂತಿತು. ಅವಳಾಗಿ ಮಾಡದ ಹೊರತು ಇವನು ಮಾಡಬಾರದೆಂಬುದು ಇಬ್ಬರ ನಡುವಿನ ಕರಾರು, ಇವನು ಮಾಡಲಿಲ್ಲ. ಶಾಲೆಗೂ ರಜೆ ಹಾಕಿದ್ದಾಳೆಂದು ತಿಳಿಯಿತು. ಹತ್ತನೆಯ ದಿನಕ್ಕೆ ಅಮೀರ್ ಅಲಿ ಸಾಹೇಬರೇ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಮುಜೀಬ ಎದ್ದು ನಿಂತ ರಭಸಕ್ಕೆ ಕೀಬೋರ್ಡು ಕೆಳಗೆ ಬಿತ್ತು.

ಸಾಹೇಬರು ಬಜಾರದಲ್ಲಿ ಎಲ್ಲ ಮುಸಲ್ಮಾನರ ಜೊತೆ ಉರ್ದು ಆಡುವವರು. ಇವನ ಮೋರೆ ನೋಡಿ ಕನ್ನಡಕ್ಕೆ ಇಳಿದರು.

"ಲಾಡ್ಲೇಸಾಬನ ಮಗ ಅಲ್ಲೇನು ನೀ?"

"ಹೌದ್ರಿ ಸಾಹೇಬ್ರ. ಬರ್ರಿ, ಕುಂದ್ರಿ."

"ಲಗ್ನದ ಕಾರ್ಡ್ ಮಾಡೂದದ. ಉರ್ದು ಬಾಜೂ ಕಲಬುರಗಿಯಾಗ ಬರೆಸೀನಿ. ಕನ್ನಡದ್ದು ನೀ ಮಾಡು. ಮತ್ತ ನಿಮ್ಮಪ್ಪಗ ಹೇಳು, ಹುಡುಗಿಗಿ ಕೊಡೂ ಜಹೇಜಿನ ಗಾದಿ ತುಂಬೂದದ, ಮನಿಗಿ ಬಂದು ಮಾಡಬೇಕು."

ವರ ಚಿಂಚೋಳಿ ಕಡೆಯವನು, ಚಂದಾಪುರದಲ್ಲಿ ಅಂಗಡಿ, ಹೆಸರು ಫೈಜಾನ್. ಅವನ ಹೆಸರು, ಅವನಪ್ಪನ ಹೆಸರು, ಅಜ್ಜನ ಹೆಸರು ಎಲ್ಲ ಟೈಪಾದವು. ಮುಜೀಬ ಕೇಳಿದ: "ಹುಡುಗಿ ಹೆಸರು ಹೆಂಗ ಹಾಕಬೇಕ್ರಿ?"

"ಹೆಣ್ಣಮಕ್ಕಳ ಹೆಸರು ಬಜಾರದಾಗ ಯಾಕ? ಸೈಯದ್ ಅಮೀರ್ ಅಲಿ ಅವರ ಸುಪುತ್ರಿ ಅಂತ ಹಾಕು, ಸಾಕು."

ಈಗೀಗ ಹೆಸರು ಹಾಕುವವರೇ ಹೆಚ್ಚು. ಆದರೆ ಕೆಲವು ಹಳೆಯ ಮನೆತನಗಳಲ್ಲಿ ಹೀಗೆ ಉಂಟು. ಮುಜೀಬ ಅಂಥ ಕಾರ್ಡು ಎಷ್ಟೋ ಮಾಡಿದ್ದ. ಅದೂ ಅಲ್ಲದೆ ಸುಪುತ್ರಿ ಯಾರೆಂದು ಅವನಿಗೆ ಸಂಶಯವೇ ಇರಲಿಲ್ಲ. ಕಮರುನ್ನೀಸಾಳಿಗೆ ಖುರ್ಷಿದಬೇಗಂ ಎಂಬ ಅಕ್ಕ ಇದ್ದಳು. ಇಪ್ಪತ್ತೊಂಬತ್ತು ವರ್ಷ, ಒಂದು ಕಾಲು ಸ್ವಲ್ಪ ಎಳೆದು ನಡೆಯುವಳು, ಆರು ಕಡೆಯವರು ನೋಡಿ ಹೋಗಿದ್ದರು. ಅಕ್ಕನದಾಗದೆ ತಂಗಿಯದಾಗುವುದು ಆ ಮನೆಯಲ್ಲಿ ಉಂಟೇ?

"ದೊಡ್ಡ ಗಾಡಿ ಬಿಟ್ರ ಸಣ್ಣ ಗಾಡಿಗಿ ಸಿಗ್ನಲ್ ಸಿಗ್ತದ ಅಂತೀಯಾ?" ಎಂದ ಸೂರ್ಯಕಾಂತಣ್ಣ, ಸಾಹೇಬರು ಹೋದ ಮೇಲೆ.

ಮುಜೀಬ ಕೆಲಸಕ್ಕೆ ಕುಳಿತ. ಭಾವೀ ಮಾವನ ಕಣ್ಣಿಗೆ ಬೀಳಬೇಕಲ್ಲ! ಅಂಚಿಗೆ ಬಂಗಾರದ ಬಳ್ಳಿ ಬಿಡಿಸಿದ. ಅಕ್ಷರ ಹನ್ನೊಂದು ಸಲ ಬದಲಿಸಿದ. ಆ ಕಾರ್ಡಿನಲ್ಲಿ ಬೇಕೆಂದೇ ಮಾಡಿದ ತಪ್ಪು ಒಂದೂ ಇರಲಿಲ್ಲ.

ಸಾಹೇಬರಿಗೆ ಕನ್ನಡ ಓದು ಅಷ್ಟಕ್ಕಷ್ಟೆ. ಪ್ರೂಫ್ ಮನೆಗೆ ಹೋಗಿ ಮರುದಿನ ತಿರುಗಿ ಬಂತು. ಕೆಂಪು ಪೆನ್ನಿನಲ್ಲಿ ಎರಡು ಕಡೆ ತಿದ್ದಿತ್ತು, ಪುಟದ ಕೆಳಗೆ ಪರಿಚಯದ ದುಂಡಗಿನ ಅಕ್ಷರ: ಕಮರುನ್ನೀಸಾ. ಮುಜೀಬನ ಎದೆ ಹತ್ತಿಯಂತೆ ಹಗುರಾಯಿತು. ನೋಡಿದೆಯಾ, ಇಷ್ಟು ಗದ್ದಲದಲ್ಲೂ ಹುಡುಗಿ ತನಗಾಗಿ ಹೆಸರು ಬರೆದು ಕಳಿಸಿದ್ದಾಳೆ! ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಎರಡು ತಪ್ಪು ತಿದ್ದಿ, ಕಾರ್ಡು ಛಾಪಿಗೆ ಬಿಟ್ಟ.

ಮದುವೆಗೆ ಒಂದು ವಾರ ಇದ್ದಾಗ, ಒಂದು ರವಿವಾರ, ಲಾಡ್ಲೇಸಾಬ ಮಗನನ್ನು ಕರೆದ. "ಹೆಗಲು ಹಿಡದದ. ದೊಡ್ಡವರ ಮನಿ ಗಾದಿ. ನೀನೂ ಬಾ." ಬೇರೆ ಮನೆಯಾಗಿದ್ದರೆ ಮುಜೀಬ ಸೂಟಿಯ ದಿನ ಹೊರಡುವವನಲ್ಲ. ಆ ಮನೆಗಾದರೆ ತಲೆ ಬಾಚಿಕೊಂಡು ಹೊರಟ. ಅರ್ಧ ತಾಸಿನಲ್ಲಿ ಆ ತಲೆ, ಹುಬ್ಬು, ಮೀಸೆ ಎಲ್ಲ ಹತ್ತಿಯಾಗಿ, ಇಪ್ಪತ್ತೇಳರ ಹುಡುಗ ಅಪ್ಪನಿಗೆ ಅಣ್ಣನಂತೆ ಕಾಣುತ್ತಿದ್ದ.

ಅಂಗಳದಲ್ಲಿ ಶಹಾಬಾದಿ ಕಲ್ಲಿನ ಹಾಸು. ಅದರ ಮೇಲೆ ಹೊಸ ಬಟ್ಟೆಯ ಚೀಲ ಹರವಿ, ಹಿಂಜಿದ ಹತ್ತಿಯನ್ನು ಪದರ ಪದರವಾಗಿ ತುಂಬುವುದು, ಕೋಲಿನಿಂದ ಬಡಿದು ಸಮ ಮಾಡುವುದು, ದಬ್ಬಣದಿಂದ ಹೊಲಿಯುವುದು. ಆರು ಹೆಜ್ಜೆ ಆಚೆ ಪಡಸಾಲೆಯಲ್ಲಿ ಸಾಹೇಬರು ಕುರ್ಚಿ ಹಾಕಿಕೊಂಡು ಕುಳಿತಿದ್ದರು; ನಡುನಡುವೆ ಒಳಗೆ ಹೋಗಿ ಬರುತ್ತಿದ್ದರು.

ಅವರು ಒಳಗೆ ಹೋದಾಗ ಒಬ್ಬಳು ಎರಡು ಕಪ್ ಚಹಾ ತಂದಳು. ಹಳೆಯ ಸಲವಾರು, ಒಂದು ಕಾಲು ಎಳೆಯುತ್ತಿತ್ತು. ಮುಜೀಬ ಗಡಬಡಿಸಿ ಎದ್ದ.

"ಅಯ್ಯ, ನೀವ್ಯಾಕ ತಂದ್ರಿ ಅಕ್ಕಾರ? ಲಗ್ನದ ಹೆಣ್ಣಮಗಳು, ಕೆಲಸ ಮಾಡಬಾರದ್ರಿ."

ಖುರ್ಷಿದಬೇಗಂ ಅವನನ್ನು ಒಂದು ಗಳಿಗೆ ನೋಡಿದಳು. ಅವಳ ಅಂಗೈ ಖಾಲಿಯಿತ್ತು, ಅರಿಷಿಣವಿಲ್ಲ, ಮೆಹಂದಿಯಿಲ್ಲ.

"ಲಗ್ನದ ಹೆಣ್ಣಮಗಳು ಒಳಗ ಕುಂತಾಳ" ಎಂದಳು. "ನೀ ಪ್ರೆಸ್ಸಿನಾಂವ ಅಲ್ಲೇನು? ಕಾರ್ಡ್ ಮಾಡಿದಾಂವಗೇ ಗೊತ್ತಿಲ್ಲೇನು? ಅವಳು ಯಾವನೋ ಹುಡುಗನ ಜೋಡಿ ಮಾತಾಡ್ತಾಳ ಅಂತ ಯಾರೋ ಅಬ್ಬಾನ ಕಿವಿಗಿ ಹಾಕ್ಯಾರ, ಹುಡುಗ ಯಾರಂತ ಹೇಳಿಲ್ಲ. ಅದಕ್ಕೇ ನನ್ನ ಬಿಟ್ಟು ಅವಳದು."

ಕಪ್ ಇಟ್ಟು ಹೋದಳು. ಮುಜೀಬ ಮತ್ತೆ ಹತ್ತಿಯ ಮುಂದೆ ಕುಳಿತ. ಅಂಗಳಕ್ಕೆ ತೆರೆದ ಕಿಟಕಿಯ ಪರದೆ ಸ್ವಲ್ಪ ಸರಿಯಿತು. ಅರಿಷಿಣ ಹಚ್ಚಿದ ಮುಖ, ಕೆಂಪಗೆ ಅತ್ತ ಕಣ್ಣು. ಲಾಡ್ಲೇಸಾಬ ಗಾದಿಯ ಆ ತುದಿಗೆ ಹೋಗಿ, ಬೆನ್ನು ಮಾಡಿ ಕುಳಿತು, ಕಿವುಡನಂತೆ ಹೊಲಿಯತೊಡಗಿದ.

"ಪ್ರೂಫ್ ಮುಟ್ಟಿತ್ತಲ್ಲ?" ಕಮರುನ್ನೀಸಾ ಪಿಸುಗುಟ್ಟಿದಳು.

"ಮುಟ್ಟಿತ್ತು."

"ಕೆಳಗ ನಾ ಏನ್ ಬರದಿದ್ದೆ?"

"ನಿನ್ನ ಹೆಸರು."

"'ಸರಿ ಅದ' ಅಂತ ಬರದಿದ್ನೇನು? ತಾರೀಖು ಹಾಕಿದ್ನೇನು? ಎರಡು ವರ್ಷದಾಗ ಒಂದಾದ್ರೂ ಪ್ರೂಫಿಗಿ ನಾ ಬರೀ ಹೆಸರು ಬರದು ಕಳಿಸೀನೇನು? ಕಾರ್ಡಿನಾಗ ಇಲ್ಲದ ಹೆಸರು ನಂದು, ಇದು ಸರಿ ಇಲ್ಲ ಅಂತ ಹೇಳಾಕ ನನ್ನ ಹತ್ರ ಬ್ಯಾರೆ ಏನಿತ್ತು? ಅಬ್ಬಾ ಎದುರಿಗೇ ನಿಂತಿದ್ರು. ಊರ ಮಂದಿ ತಪ್ಪೆಲ್ಲ ಕಾಣಸ್ತಾವ ನಿನಗ!"

ಮುಜೀಬನ ಕೈ ತಾನಾಗಿ ಜೇಬಿಗೆ ಹೋಯಿತು. "ಅದನ್ನ ಇಟ್ಕೊಂಡೀನಿ. ಇಲ್ಲೇ ಅದ."

"ಇಟ್ಕೊ. ತಾಯಿತ ಮಾಡಿ ಕೊಳ್ಳಾಗ ಕಟ್ಕೊ."

ಅವನಿಗೆ ಒಮ್ಮೆಲೇ ಶೌರ್ಯ ಬಂತು. "ವಾಡಿಗಿ ಹೋಗೂಣು. ಜಂಕ್ಷನ್ ಅದ, ಹೈದರಾಬಾದ್, ಸೋಲಾಪುರ, ಯಾವ ಕಡೀದಾದ್ರೂ ಗಾಡಿ ಸಿಗ್ತದ."

"ಆ ಕುರ್ಚಿ ಕಾಣಸ್ತದ? ಆರು ಹೆಜ್ಜಿ. ಎರಡು ವರ್ಷದಾಗ ನಿನಗ ಅಷ್ಟು ದಾಟಾಕ ಆಗಲಿಲ್ಲ, ಹೈದರಾಬಾದಿಗಿ ಹೊಂಟಾನ! ನಾ ಕದ್ದು ಓಡಂಗಿಲ್ಲ. ನಿಕಾಹ್ ದಿನ ಮೂರು ಮಂದಿ ಒಳಗ ಬಂದು ನನ್ನ ಹೆಸರು ಹಿಡದು, ಒಪ್ಪಿಗಿ ಅದನೋ ಇಲ್ಲೋ ಅಂತ ಕೇಳಬೇಕು. ಕೇಳಲಿ."

ಪರದೆ ಬಿತ್ತು. ಸಾಹೇಬರು ಹೊರಗೆ ಬಂದು ಕುಳಿತರು.

ಮುಜೀಬ ಎದ್ದ. ಆರು ಹೆಜ್ಜೆ ಎಂದಿದ್ದಳು, ಎಣಿಸಿದರೆ ಏಳಾದವು. ಬಹುಶಃ ಒಂದು ಹೆಜ್ಜೆ ಹಿಂದಕ್ಕೆ ಇಟ್ಟಿದ್ದನೇನೋ.

"ಸಾಹೇಬ್ರ, ನಾ ಕಮರುನ್ನೀಸಾನ್ನ ಲಗ್ನ ಆಗಬೇಕಂತೀನ್ರಿ."

ಸಾಹೇಬರ ಮುಖ ಮೊದಲು ಬದಲಾದದ್ದು ಲಗ್ನದ ಮಾತಿಗಲ್ಲ. "ನನ್ನ ಮಗಳ ಹೆಸರು ನಿನ್ನ ಬಾಯಾಗ ಹೆಂಗ ಬಂತು?"

"ಪ್ರಶ್ನೆಪತ್ರಿಕಿ ಮ್ಯಾಲ ಇರ್ತದ್ರಿ" ಎಂದ ಮುಜೀಬ. ಹುಟ್ಟಿದಾಗಿನಿಂದ ಆಡಿದ ಮೂರ್ಖ ಮಾತುಗಳಲ್ಲಿ ಅದಕ್ಕೆ ಮೊದಲ ನಂಬರು ಕೊಡಬಹುದೆಂದು ಅವನಿಗೆ ಆಗಲೇ ಗೊತ್ತಾಯಿತು. ಮೂಗಿನ ಮೇಲೆ ಹತ್ತಿಯ ಎಳೆಯೊಂದು ಕುಳಿತು ಸೀನು ಬೇರೆ ಬರುತ್ತಿತ್ತು.

ಸಾಹೇಬರು ಕೂಗಾಡಲಿಲ್ಲ. ಕೂಗಾಡಿದ್ದರೆ ಎದುರು ಕೂಗಾಡಬಹುದಿತ್ತು. "ನೋಡಪ, ಅಲ್ಲಾನ ಮುಂದ ಎಲ್ಲರೂ ಒಂದೇ. ಅದು ನನಗೂ ಗೊತ್ತದ. ಆದರ ನಾ ಇರೂದು ಶಹಾಬಾದದಾಗ. ಗಾದಿ ಸಂಜಿ ಅಸರ್ ನಮಾಜಿನೊಳಗ ಮುಗೀಲಿ." ಆಮೇಲೆ ಅಂಗಳದ ಕಡೆ ತಿರುಗಿ, "ಲಾಡ್ಲೇ, ಮಗನ್ನ ತಿದ್ದು" ಎಂದು ಎದ್ದುಹೋದರು.

ಲಾಡ್ಲೇಸಾಬನ ದಬ್ಬಣ ಅರೆಗಳಿಗೆ ನಿಂತಿತು. "ನೀ ಎದ್ದು ಹೋಗ್ತೀಯಂದ್ರ ಹೋಗು" ಎಂದ ಮಗನಿಗೆ, ತಲೆಯೆತ್ತದೆ. "ಅರ್ಧ ತುಂಬಿದ ಗಾದಿ ಬಿಟ್ಟು ನಾ ಯಾರ ಮನಿಯಿಂದಾನೂ ಎದ್ದಿಲ್ಲ. ನನಗ ಒಬ್ಬಂವಗ ಆಗಂಗಿಲ್ಲ."

ಮುಜೀಬ ಹೋಗಲಿಲ್ಲ. ತಾನು ಪ್ರೀತಿಸಿದ ಹುಡುಗಿ ಇನ್ನೊಬ್ಬನ ಮನೆಗೆ ಒಯ್ಯುವ ಗಾದಿಗೆ ಮುಷ್ಟಿ ಮುಷ್ಟಿ ಹತ್ತಿ ತುರುಕಿದ. ಸಿಟ್ಟು ಬಂದಷ್ಟೂ ತುರುಕಿದ. ಕಾರ್ಡೂ ತನ್ನದೇ, ಗಾದಿಯೂ ತನ್ನದೇ. ಇನ್ನು ಬಿರಿಯಾನಿಗೆ ಈರುಳ್ಳಿ ಹೆಚ್ಚಿಕೊಟ್ಟರೆ ಸೇವೆ ಪೂರ್ತಿಯಾದೀತು ಎಂದುಕೊಂಡ.

"ಸಿಟ್ಟಿನಾಗ ತುಂಬಬ್ಯಾಡೋ" ಎಂದ ಅಪ್ಪ. "ಮಲಗಿದವರಿಗಿ ನಿದ್ದಿ ಬರಂಗಿಲ್ಲ."

ಮುಂದಿನ ರವಿವಾರ ನಿಕಾಹ್. ಸೂರ್ಯಕಾಂತಣ್ಣನಿಗೆ ಆಮಂತ್ರಣವಿತ್ತು. ಮುಜೀಬನಿಗೆ ಫಂಕ್ಷನ್ ಹಾಲಿನ ಹತ್ತಿರ ಸುಳಿಯಬೇಡವೆಂದು ಹೇಳಿ, ಅಂಗಡಿ ತೆರೆದು ಕೂರಿಸಿ ಹೋದ. ಮೂರು ತಾಸಾದ ಮೇಲೆ ಬಂದು, ಪ್ಯಾಂಟಿಗೆ ಅಂಟಿದ ಅನ್ನದ ಕಾಳು ತೆಗೆಯುತ್ತ ಕುಳಿತ.

"ಏನಾತಣ್ಣಾ?"

"ಹುಡುಗಿ ಒಪ್ಪಿಗಿ ಕೇಳೂ ನಿಕಾಹಿನ ವಕೀಲರು, ಇಬ್ರು ಸಾಕ್ಷಿ ಒಳಗ ಹೋದ್ರು. ಹೊರಗ ಬರ್ಲಿಲ್ಲ, ಬರ್ಲಿಲ್ಲ. ಹುಡುಗಿ ಒಲ್ಲೆ ಅಂದಾಳ. ನಾಚಿಕಿಲೆ ಹಂಗ ಅಂದಾಳ ಅಂತ ಮತ್ತೊಮ್ಮೆ ಕೇಳ್ಯಾರ. ಒಲ್ಲೆ. ಮೂರನೇ ಸಲ ಕನ್ನಡದಾಗ ಒದರ್‍ಯಾಳ ನೋಡು, 'ನನಗ ಒಪ್ಪಿಗಿ ಇಲ್ಲ' ಅಂತ. ಹೊರಗ ಅಡಗಿ ಮಾಡಾವ್ರಿಗೂ ಕೇಳಿಸ್ತು! ಖಾಜಿಸಾಬ್ರು ಮುದುಕರು, ಖಡಕ್ ಮನಷಾ. ಒಪ್ಪಿಗಿ ಇಲ್ಲ ಅಂದ್ರ ನಿಕಾಹ್ ಇಲ್ಲ ಅಂತ ಪುಸ್ತಕ ಮುಚ್ಚಿಬಿಟ್ರು."

ಮುಜೀಬ ಕುರ್ಚಿಯಿಂದ ಎದ್ದೇಬಿಟ್ಟಿದ್ದ. ಸೂರ್ಯಕಾಂತಣ್ಣ ಅವನ ತೋಳು ಹಿಡಿದು ಕೂರಿಸಿದ.

"ತಡಿ, ಮುಗಿದಿಲ್ಲ. ಲಗ್ನ ಆತು."

"ಯಾರದು?"

"ಅಕ್ಕಂದು. ಎರಡೂ ಕಡಿ ಹಿರಿಯರು ಕೋಣ್ಯಾಗ ಕುಂತರು. ಬಂದ ಮಂದಿ ಮುಂದ ಮಾನ ಹೋಗಬಾರದಲ್ಲ. ಚಿಂಚೋಳಿಯವರೂ ಸೊಸಿ ಇಲ್ಲದ ತಿರುಗಿ ಹೋಗಾಕ ಒಲ್ಲೆ ಅಂದ್ರು. ಅಕ್ಕನ್ನ ಕರೆದು ಕುಂದರಿಸಿದ್ರು. ವಕೀಲರು ಮತ್ತ ಹೋಗಿ ಕೇಳಿದ್ರು. ಆಕಿ ಏನಂದಳೋ ಯಾರಿಗೂ ಕೇಳಿಸಲಿಲ್ಲ. ಸುಮ್ಮನಿದ್ರ ಹೂಂ ಅಂದಂಗ ಅಂದ್ರು, ಮುಬಾರಕ್ ಅಂದ್ರು, ಖಜೂರ ಹಂಚಿದ್ರು."

ಮೇಜಿನ ಮೇಲೆ ಹೆಚ್ಚುವರಿ ಛಾಪಿಸಿದ ಕಾರ್ಡೊಂದು ಬಿದ್ದಿತ್ತು. ಬಂಗಾರದ ಬಳ್ಳಿಯ ನಡುವೆ, ಸೈಯದ್ ಅಮೀರ್ ಅಲಿ ಅವರ ಸುಪುತ್ರಿ. ಅದರಲ್ಲಿ ಒಂದಕ್ಷರವನ್ನೂ ತಿದ್ದುವ ಅಗತ್ಯ ಬಿದ್ದಿರಲಿಲ್ಲ. ಖುರ್ಷಿದಳ ಮದುವೆಯೆಂದು ತಿಳಿದು ಅವನು ಮಾಡಿದ ಕಾರ್ಡು ಖುರ್ಷಿದಳ ಮದುವೆಗೇ ಸಲ್ಲಿತ್ತು. ಅವನ ತಪ್ಪನ್ನು ಹಿರಿಯರೆಲ್ಲ ಕೂಡಿ ನಿಜ ಮಾಡಿದ್ದರು.

ಎರಡು ತಿಂಗಳು ಕಳೆದು ಕಮರುನ್ನೀಸಾ ಶಾಲೆಗೆ ಮರಳಿದಳು. ಮನೆಯಲ್ಲಿ ಕಣ್ಣೆದುರು ಇರುವುದಕ್ಕಿಂತ ಹೊರಗಿರಲಿ ಎಂದು ಅಬ್ಬಾ ಬಿಟ್ಟಿದ್ದರು. ಮಾತು ಮಾತ್ರ ಬಿಟ್ಟವರು ಬಿಟ್ಟೇ ಇದ್ದರು. ಪ್ರಶ್ನೆಪತ್ರಿಕೆ ಹಿಡಿದು ಅಂಗಡಿಗೆ ಬಂದಳು, ಅದೇ ಸ್ಟೂಲಿನ ಮೇಲೆ ಕುಳಿತಳು, ಪೆನ್ನು ತೆರೆಯಲಿಲ್ಲ.

"ಅಕ್ಕ ಬಂದಿದ್ಲು. ಹೆಂಗಿದ್ದೀ ಅಂದ್ರ, ಗಾದಿ ಭಾಳ ಬಿರುಸು ಅದ, ನಿದ್ದಿ ಬರಂಗಿಲ್ಲ ಅಂದ್ಲು. ಅಷ್ಟೇ ಅಂದ್ಲು."

ಮುಜೀಬ ತನ್ನ ಅಂಗೈ ನೋಡಿಕೊಂಡ.

"ನಾ ಒಲ್ಲೆ ಅಂದದ್ದು ನನಗಷ್ಟೇ ತಟ್ಟತದ ಅಂತ ತಿಳ್ಕೊಂಡಿದ್ದೆ" ಎಂದಳು.

"ಈ ಶುಕ್ರವಾರ ಅವ್ವ ಅಪ್ಪನ್ನ ಕರ್ಕೊಂಡು ನಿಮ್ಮ ಮನಿಗಿ ಬರ್ತೀನಿ."

"ಬಾ. ನಾ ಹೂಂ ಅಂತೀನಿ ಅಂತ ಮೊದಲೇ ತಿಳ್ಕೊಂಡು ಬರಬ್ಯಾಡ. ಕೇಳಾಕ ಬಾ. ಕೇಳಿ, ಉತ್ತರ ಬರೂತನಾ ನಿಲ್ಲು. ನಮ್ಮಕ್ಕಗ ಕೇಳಿದಂಗ ಅಲ್ಲ."

ಈ ಸಲ ಶುಕ್ರವಾರ ತಪ್ಪಲಿಲ್ಲ. ಮುಂಬಾಗಿಲಿಗೇ ಹೋದರು. ಸಾಹೇಬರು ಬಾಗಿಲು ತೆರೆದು, ಲಾಡ್ಲೇಸಾಬನನ್ನು ನೋಡಿ, "ಗಾದಿ ಕೆಲಸ ಏನೂ ಇಲ್ಲ" ಎಂದರು.

"ಗಾದಿಗಿ ಬಂದಿಲ್ರಿ. ಹೆಣ್ಣ ಕೇಳಾಕ ಬಂದೀವ್ರಿ" ಎಂದಳು ರಹೀಮಾ.

ಬಾಗಿಲು ಮುಚ್ಚಿತು. ಮರುವಾರ ಮತ್ತೆ ಹೋದರು. ಅದರ ಮರುವಾರವೂ. ನಾಲ್ಕನೆಯ ವಾರ ಬಾಗಿಲು ಮುಚ್ಚಲಿಲ್ಲ, ಹೊಸ್ತಿಲಲ್ಲೇ ನಿಲ್ಲಿಸಿ ಬಿಸಿಲಿನ ಬಗ್ಗೆ ಮಾತಾಡಿದರು. ಆರನೆಯ ವಾರ ನಿಂತಲ್ಲಿಗೇ ನೀರು ಬಂತು. ಓಣಿಯ ಮಂದಿ ಶುಕ್ರವಾರ ಜುಮ್ಮಾ ನಮಾಜು ಮುಗಿಸಿ, ಈ ಮೂವರು ನಿಲ್ಲುವುದನ್ನು ನೋಡಲೆಂದೇ ಕಟ್ಟೆಯ ಮೇಲೆ ಕೂರತೊಡಗಿದರು. "ಏ ಪಿಂಜಾರ ಮುಜೀಬ, ಇವತ್ತರ ಆತೇನೋ?" ಎಂದು ಒಬ್ಬ ಕೂಗಿದರೆ ಇನ್ನೊಬ್ಬ, "ಕಲ್ಲಾದ್ರೂ ಇಷ್ಟೊತ್ತಿಗಿ ಪಾಲಿಶ್ ಆಗ್ತಿತ್ತು" ಎನ್ನುತ್ತಿದ್ದ.

ಒಂಬತ್ತನೆಯ ಶುಕ್ರವಾರ ಸಾಹೇಬರು ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ಸರಿದರು. ಆಮೇಲೆ ಪಡಸಾಲೆಯ ಕುರ್ಚಿಗಳತ್ತ ಕೈ ಮಾಡಿ, ಮುಜೀಬನೊಂದಿಗೆ ಮೊದಲ ಬಾರಿ ಉರ್ದುವಿನಲ್ಲಿ ಮಾತಾಡಿದರು. "ಬೈಠೋ."

ಕುಳಿತರು. ಸಾಹೇಬರು ಕಿಟಕಿಯತ್ತ ತಿರುಗಿದರು. ಒಳಗಿನ ಪರದೆಯ ಹಿಂದೆ ಯಾರೋ ನಿಂತ ನೆರಳಿತ್ತು. ಹದಿನೈದು ನಿಮಿಷ ಕಳೆಯಿತು. ರಹೀಮಾ ತಡೆಯಲಾರದೆ ಮಗನ ಕಿವಿಯಲ್ಲಿ ಕೇಳಿದಳು: "ಏನಂದ್ರೋ?"

"ಕುಂದ್ರು ಅಂದ್ರು."

"ಅಷ್ಟೇನಾ?"

"ಅಷ್ಟೇ."

ಒಂಬತ್ತು ವಾರಕ್ಕೆ ಒಂದು ಕುರ್ಚಿ. ಇದೇ ಗತಿಯಲ್ಲಿ ಹೋದರೆ ನಿಕಾಹಿನ ಹೊತ್ತಿಗೆ ತಾನು ಹತ್ತಿ ಹಿಂಜದೆಯೇ ತಲೆ ಬೆಳ್ಳಗಾಗಿರುತ್ತದೆ ಎಂದು ಮುಜೀಬ ಲೆಕ್ಕ ಹಾಕಿದ. ಈ ಸಲ ನಗು ಬರಲಿಲ್ಲ. ಆದರೆ ಉತ್ತರ ಬರುವ ತನಕ ನಿಲ್ಲು ಎಂದಿದ್ದಳಲ್ಲ, ಅವನು ಎದ್ದು ಬರಲಿಲ್ಲ.